ದರ ಬರೆಯುವ ಮುನ್ನ: ನಗರಸಭೆಯ ಟೆಂಡರುಗಳ ಬಗ್ಗೆ ಓದುಗರ ಪ್ರಶ್ನೆಗಳು

ಚಿಕ್ಕಮಗಳೂರು ನಗರ ಮತ್ತು ಜಿಲ್ಲೆಯ ಬೇರೆ ತಾಲ್ಲೂಕುಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಥಳೀಯ ಸಂಸ್ಥೆಗಳ ಟೆಂಡರಿನ ಕುರಿತಾಗಿವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿರುವಲ್ಲಿ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ, ಐದು ವರ್ಷ ಒಬ್ಬ ಹಿರಿಯ ಗುತ್ತಿಗೆದಾರರ ಬಳಿ ಸೈಟ್ ನೋಡಿಕೊಂಡಿದ್ದೆ. ಈಗ ಲೋಕೋಪಯೋಗಿ ಇಲಾಖೆಯಲ್ಲಿ ನನ್ನದೇ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಂಡಿದ್ದೇನೆ. ನಗರಸಭೆಯ ಒಂದು ವಾರ್ಡಿನಲ್ಲಿ ಕಾಂಕ್ರೀಟ್ ರಸ್ತೆ ಮತ್ತು ಚರಂಡಿಗೆ 38 ಲಕ್ಷ ರೂಪಾಯಿಯ ಟೆಂಡರ್ ಕರೆದಿದ್ದಾರೆ. ಇಂಥ ಕೆಲಸಗಳಿಗೆ ಬೇರೆಯವರು ಶೇ 15, ಶೇ 18 ಬಿಲೋ (ಅಂದಾಜಿಗಿಂತ ಕಡಿಮೆ ದರ) ಹಾಕುತ್ತಾರೆ. ಅವರಿಗೆ ಹೇಗೆ ಗಿಟ್ಟುತ್ತದೆ? ನಾನು ಎಷ್ಟು ಹಾಕಬೇಕು? (ಚಿಕ್ಕಮಗಳೂರು)

ಉತ್ತರ: ಎಷ್ಟು ಹಾಕಬೇಕೆಂಬುದನ್ನು ನಾನು ಹೇಳಲಾರೆ, ಸೈಟನ್ನು ಕಾಣದೆ ಹಾಗೆ ಹೇಳುವವರ ಮಾತನ್ನು ನೀವೂ ನಂಬಬಾರದು. ಆದರೆ ಶೇ 15 ಬಿಲೋ ಹಾಕಿದವನ ಕೈಗೆ ನಿಜವಾಗಿ ಏನು ಬರುತ್ತದೆಂಬುದನ್ನು ಲೆಕ್ಕ ಹಾಕಿ ತೋರಿಸಬಲ್ಲೆ.

38 ಲಕ್ಷದ ಅಂದಾಜಿಗೆ ಶೇ 15 ಬಿಲೋ ಎಂದರೆ 32 ಲಕ್ಷದ 30 ಸಾವಿರ ರೂಪಾಯಿ. ಇಲ್ಲಿ ಮೊದಲು ಹುಡುಕಬೇಕಾದದ್ದು ಟೆಂಡರ್ ದಾಖಲೆಯ ಯಾವುದೋ ಮೂಲೆಯಲ್ಲಿರುವ ಒಂದು ವಾಕ್ಯವನ್ನು: ನಮೂದಿಸುವ ದರ ಜಿಎಸ್‌ಟಿ ಸೇರಿಯೋ, ಸೇರದೆಯೋ? ಸ್ಥಳೀಯ ಸಂಸ್ಥೆಗಳಿಗೆ ಮಾಡುವ ಇಂಥ ಕಾಮಗಾರಿಗಳ ಮೇಲಿನ ತೆರಿಗೆ 2022ರ ಜುಲೈ 18ರಿಂದ ಶೇ 12ರ ಬದಲು ಶೇ 18 ಆಗಿದೆ. ನಿಮ್ಮ ದರದಲ್ಲಿ ಜಿಎಸ್‌ಟಿ ಸೇರಿದೆ ಎಂದಾದರೆ ಆ 32.30 ಲಕ್ಷದಲ್ಲಿ ಸುಮಾರು 4.93 ಲಕ್ಷ ರೂಪಾಯಿ ತೆರಿಗೆಯದು, ಕೆಲಸಕ್ಕೆ ಉಳಿಯುವುದು 27.37 ಲಕ್ಷ. ಸಿಮೆಂಟು, ಕಬ್ಬಿಣ, ಜಲ್ಲಿಯನ್ನು ಬಿಲ್ಲಿನ ಮೇಲೆ ಕೊಂಡಿದ್ದರೆ ಅವುಗಳಿಗೆ ಕಟ್ಟಿದ ತೆರಿಗೆ ಇದರಲ್ಲಿ ವಜಾ ಆಗುತ್ತದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡಿದ್ದರೆ ಆಗುವುದಿಲ್ಲ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಹಳೆಯ ಗುತ್ತಿಗೆದಾರರು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕ ಈಗ ಹೊಂದುವುದಿಲ್ಲ.

ಬಿಲ್ಲಿನಲ್ಲಿ ಆಗುವ ಕಡಿತಗಳನ್ನು ಹೊಸಬರು ಒಂದೇ ಸಾಲಿನಲ್ಲಿ ಕೂಡಿಸಿ ಗಾಬರಿಯಾಗುತ್ತಾರೆ, ಇಲ್ಲವೇ ಮರೆತೇ ಬಿಡುತ್ತಾರೆ. ಅವುಗಳನ್ನು ಹೋದ ಹಣ ಮತ್ತು ನಿಂತ ಹಣ ಎಂದು ಎರಡು ಭಾಗ ಮಾಡಿಕೊಳ್ಳಿ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1 ಹೋದ ಹಣ. ಜಲ್ಲಿ, ಮರಳು, ಗ್ರಾವಲ್ ಇವುಗಳಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿಯನ್ನು ನೀವು ಹಾಜರುಪಡಿಸದಿದ್ದರೆ ರಾಯಲ್ಟಿ, ಅದರ ಜೊತೆಗೆ ದಂಡವೂ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಅದೂ ಹೋದ ಹಣವೇ, ಮತ್ತು ಸಣ್ಣ ಮೊತ್ತವಲ್ಲ. ಆದ್ದರಿಂದ ಕ್ರಷರಿನಿಂದ ಲೋಡ್ ಇಳಿದ ದಿನವೇ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. ತಿಂಗಳ ನಂತರ ಕೇಳಿದರೆ ಸಿಗುವುದಿಲ್ಲ. ವ್ಯಕ್ತಿಗಳಿಗೆ ಶೇ 1ರಂತೆ ಆಗುವ ಆದಾಯ ತೆರಿಗೆ ಮುರಿತ, ಗುತ್ತಿಗೆಯ ಮೌಲ್ಯ ಎರಡೂವರೆ ಲಕ್ಷ ಮೀರಿದಾಗ ಆಗುವ ಶೇ 2ರ ಜಿಎಸ್‌ಟಿ ಮುರಿತ, ಎಫ್‌ಎಸ್‌ಡಿ ಎಂದು ಹಿಡಿಯುವ ಹೆಚ್ಚುವರಿ ಭದ್ರತಾ ಠೇವಣಿ ಇವೆಲ್ಲ ನಿಂತ ಹಣ. ಎಫ್‌ಎಸ್‌ಡಿಯನ್ನು ಉದಾಹರಣೆಗೆ ಶೇ 5 ಎಂದಿಟ್ಟುಕೊಂಡರೆ ಈ ಮೂರೂ ಸೇರಿ ನಿಮ್ಮ ಲೆಕ್ಕದಲ್ಲಿ ಸುಮಾರು 2.19 ಲಕ್ಷ ರೂಪಾಯಿ ಆಗುತ್ತದೆ. ಆ ಹಣ ನಿಮ್ಮದೇ, ಆದರೆ ನಿಮ್ಮ ಕೈಯಲ್ಲಿಲ್ಲ. ಮೇಸ್ತ್ರಿಗೆ ಶನಿವಾರ ಬಟವಾಡೆ ಮಾಡಲು ಅದು ಬಳಕೆಗೆ ಬರುವುದಿಲ್ಲ. ಇಷ್ಟು ಹಣವನ್ನು ವರ್ಷಕ್ಕೂ ಮೀರಿ ಬಡ್ಡಿಯಿಲ್ಲದೆ ಬಿಟ್ಟಿರಬಲ್ಲವನಿಗೆ ಶೇ 15 ಬಿಲೋ ಗಿಟ್ಟಬಹುದು. ಸ್ವಂತ ಮಿಕ್ಸರು, ಸೆಂಟ್ರಿಂಗ್ ಹಲಗೆ, ಟಿಪ್ಪರ್ ಇದ್ದು, ಪಕ್ಕದ ಬೀದಿಯಲ್ಲೇ ಇನ್ನೊಂದು ಕೆಲಸ ನಡೆಯುತ್ತಿರುವವನಿಗೂ ಗಿಟ್ಟಬಹುದು. ಉಳಿದವರಿಗೆ ಗಿಟ್ಟುವುದು ಕಾಂಕ್ರೀಟಿನ ದಪ್ಪ ಕಡಿಮೆಯಾದಾಗ ಮಾತ್ರ ಎಂಬುದನ್ನು ಐದು ವರ್ಷ ಸೈಟಿನಲ್ಲಿದ್ದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದರ ತೀರಾ ಕೆಳಗಿದ್ದರೆ, ಅಥವಾ ಕೆಲವು ಐಟಂಗಳಿಗೆ ಮಾತ್ರ ಅಸಹಜವಾಗಿ ಹೆಚ್ಚು ಕಡಿಮೆ ದರ ಬರೆದಿದ್ದರೆ, ದರ ವಿಶ್ಲೇಷಣೆಯನ್ನೂ ಹೆಚ್ಚುವರಿ ಭದ್ರತೆಯನ್ನೂ ಕೇಳುವ ಅವಕಾಶ ಟೆಂಡರ್ ಷರತ್ತುಗಳಲ್ಲೇ ಇರುತ್ತದೆ.

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಊರಿಗೇ ಸಂಬಂಧಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಟೆಂಡರ್ ಪ್ರಕಟಣೆಯಲ್ಲಿ ಕಾಮಗಾರಿಯ ಅವಧಿ ಬರೆದ ಕಡೆ ‘ಮಳೆಗಾಲ ಸೇರಿ’ ಅಥವಾ ‘ಮಳೆಗಾಲ ಹೊರತುಪಡಿಸಿ’ ಎಂದಿರುವುದನ್ನು ನೋಡಿಕೊಳ್ಳಿ. ನಾಲ್ಕು ತಿಂಗಳ ಅವಧಿ ಮಳೆಗಾಲವನ್ನೊಳಗೊಂಡಿದ್ದು, ಕಾರ್ಯಾದೇಶ ಮೇ ಕೊನೆಯಲ್ಲಿ ಕೈಸೇರಿದರೆ ನಿಮಗೆ ದೊರೆಯುವುದು ಅಗೆದ ಚರಂಡಿಯಿಂದ ನೀರು ಎತ್ತಿ ಚೆಲ್ಲುವ ಕೆಲಸ. ಕಡೂರಿನ ಗುತ್ತಿಗೆದಾರರು ಮೂಡಿಗೆರೆಯ ಕೆಲಸಕ್ಕೆ ಕಡೂರಿನ ಲೆಕ್ಕದಲ್ಲೇ ದರ ಹಾಕಿ ಜುಲೈ ತಿಂಗಳಲ್ಲಿ ಪಶ್ಚಾತ್ತಾಪಪಟ್ಟಿರುವುದನ್ನು ನಾನು ಕಂಡಿದ್ದೇನೆ. ಮಳೆಯಿಂದ ಕೆಲಸ ನಿಂತರೆ ಅವಧಿ ವಿಸ್ತರಣೆಯ ಅರ್ಜಿಯನ್ನು ಅವಧಿ ಮುಗಿಯುವ ಮೊದಲೇ, ಕೆಲಸ ನಿಂತ ದಿನಾಂಕಗಳ ಸಮೇತ ಲಿಖಿತವಾಗಿ ಕೊಡಬೇಕು; ಎಂಜಿನಿಯರ್ ಸಾಹೇಬರು ಬಾಯಿಮಾತಿನಲ್ಲಿ ‘ಆಯಿತು’ ಎಂದದ್ದು ವಿಳಂಬದ ದಂಡ ಹಾಕುವ ದಿನ ಲೆಕ್ಕಕ್ಕೆ ಬರುವುದಿಲ್ಲ.

ಸೈಟಿಗೆ ಹೋದಾಗ ರಸ್ತೆಯ ಮೇಲ್ಮೈ ಮಾತ್ರ ನೋಡಿ ಬರಬೇಡಿ. ಯಗಚಿ ನೀರಿನ ಪೈಪು, ಒಳಚರಂಡಿಯ ಕೊಳವೆ, ಮನೆಗಳ ನಲ್ಲಿ ಸಂಪರ್ಕ ಇವು ಎಷ್ಟು ಆಳದಲ್ಲಿವೆ, ಅವುಗಳನ್ನು ಸರಿಸುವ ಐಟಂ ಅಂದಾಜು ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಬೀದಿಯವರನ್ನೂ ನೀರುಗಂಟಿಯನ್ನೂ ಕೇಳಿ ತಿಳಿಯಿರಿ. ಅಂದಾಜು ಪಟ್ಟಿಯಲ್ಲಿಲ್ಲದ ಕೆಲಸವನ್ನು ಲಿಖಿತ ಆದೇಶವಿಲ್ಲದೆ ಮಾಡಿದರೆ ಅದು ಅಳತೆ ಪುಸ್ತಕಕ್ಕೆ (ಎಂ.ಬಿ.) ಏರುವುದಿಲ್ಲ, ಎಂ.ಬಿ.ಗೆ ಏರದ ಕೆಲಸಕ್ಕೆ ಬಿಲ್ಲಿಲ್ಲ.

ಕೊನೆಯದಾಗಿ, ಈ ಕಾಮಗಾರಿಗೆ ಯಾವ ಅನುದಾನ ಎಂದು ಕೇಳಿ. ಕೇಂದ್ರ ಹಣಕಾಸು ಆಯೋಗದ ಅನುದಾನವೋ, ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿಯೋ, ರಾಜ್ಯದ ನಗರೋತ್ಥಾನ ಯೋಜನೆಯೋ, ನಗರಸಭೆಯ ಸ್ವಂತ ನಿಧಿಯೋ? ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಇದನ್ನು ಬರೆದಿರುತ್ತಾರೆ, ಆದರೂ ಅದನ್ನು ಓದುವವರು ಅಪರೂಪ. ಕೆಲಸ ಮುಗಿದ ಮೇಲೆ ಬಿಲ್ಲು ಎಷ್ಟು ಬೇಗ ಆಗುತ್ತದೆ ಎಂಬುದು ನಿಮ್ಮ ಕಾಂಕ್ರೀಟಿನ ಗುಣಮಟ್ಟಕ್ಕಿಂತ ಹೆಚ್ಚಾಗಿ ಆ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆಯೇ ಎಂಬುದನ್ನು ಅವಲಂಬಿಸಿದೆ. ಅದೇ ಅನುದಾನದಲ್ಲಿ ಹೋದ ವರ್ಷ ಕೆಲಸ ಮಾಡಿದ ಇಬ್ಬರನ್ನು ವಿಚಾರಿಸಿದರೆ ಕಚೇರಿಯಲ್ಲಿ ಸಿಗದ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮ ಡಿಜಿಟಲ್ ಸಹಿಯ ಟೋಕನ್ನನ್ನು ಟೆಂಡರ್ ಹಾಕಿಕೊಡುವ ಬ್ರೌಸಿಂಗ್ ಸೆಂಟರಿನವರ ಬಳಿಯೇ ಬಿಟ್ಟಿರುವುದು ವಾಡಿಕೆ. ಇದರಿಂದ ತೊಂದರೆ ಇದೆಯೇ? (ತರೀಕೆರೆ)

ಉತ್ತರ: ಇದೆ. ಸಹಿ ಮಾಡಿದ ಖಾಲಿ ಚೆಕ್ ಪುಸ್ತಕವನ್ನು ಅಂಗಡಿಯಲ್ಲಿ ಬಿಟ್ಟು ಬರುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಆ ಸಹಿ ನಿಮ್ಮದೇ ಕೈಬರಹದ ಸಹಿಗೆ ಸಮ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಯಾವುದೇ ದರ ಸಲ್ಲಿಕೆಯಾದರೂ ಅದು ನೀವು ಸಲ್ಲಿಸಿದ್ದೇ ಆಗುತ್ತದೆ. ಒಂದೇ ಸೆಂಟರಿನಲ್ಲಿ ಐವರ ಟೋಕನ್ ಇದ್ದರೆ ಐವರ ದರವೂ ಒಬ್ಬನಿಗೆ ಗೊತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಹಾಯ ಪಡೆಯಿರಿ, ಆದರೆ ದರ ತುಂಬುವಾಗ ಪಕ್ಕದಲ್ಲಿ ಕುಳಿತಿದ್ದು, ಟೋಕನ್ನನ್ನು ಜೇಬಿಗೆ ಹಾಕಿಕೊಂಡು ಬನ್ನಿ. ಹಾಗೆಯೇ ಕೊನೆಯ ದಿನದ ಕೊನೆಯ ಗಂಟೆಗೆ ಕಾಯಬೇಡಿ. ಇಎಂಡಿ (ಟೆಂಡರಿನ ಜೊತೆ ಕಟ್ಟುವ ಠೇವಣಿ) ಹಣ ಬ್ಯಾಂಕಿನಿಂದ ಪೋರ್ಟಲ್‌ಗೆ ಜಮೆಯಾಗುವುದಕ್ಕೆ ಸಮಯ ಹಿಡಿಯುತ್ತದೆ, ಸರ್ವರ್ ನಿಮ್ಮ ಅವಸರಕ್ಕೆ ಓಗೊಡುವುದಿಲ್ಲ.

ಪ್ರಶ್ನೆ: ಹತ್ತು ವರ್ಷಗಳಿಂದ ಕಾಫಿ ತೋಟಗಳಲ್ಲಿ ರಸ್ತೆ, ಕಣ, ತಡೆಗೋಡೆ ಕಟ್ಟಿದ್ದೇನೆ. ದೊಡ್ಡ ಗುತ್ತಿಗೆದಾರರೊಬ್ಬರ ಕೈಕೆಳಗೆ ಸರ್ಕಾರಿ ಸೇತುವೆಯ ಕೆಲಸವನ್ನೂ ಮಾಡಿದ್ದೇನೆ. ಆದರೂ ನನ್ನ ಟೆಂಡರನ್ನು ತಾಂತ್ರಿಕ ಹಂತದಲ್ಲೇ ತಿರಸ್ಕರಿಸಿ, ದರದ ಲಕೋಟೆಯನ್ನೇ ತೆರೆಯಲಿಲ್ಲ. ಇದು ಅನ್ಯಾಯವಲ್ಲವೇ? (ಮೂಡಿಗೆರೆ)

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ನೀವು ಕಳುಹಿಸಿದ ಪ್ರತಿಗಳನ್ನು ನೋಡಿದರೆ ಅಧಿಕಾರಿಗಳು ಷರತ್ತಿನಂತೆಯೇ ನಡೆದುಕೊಂಡಿದ್ದಾರೆ. ಎರಡು ಲಕೋಟೆಯ ಪದ್ಧತಿಯಲ್ಲಿ ಮೊದಲನೆಯದರಲ್ಲಿ ಅರ್ಹತೆ ಇಲ್ಲದವರ ಎರಡನೆಯದನ್ನು ತೆರೆಯುವಂತಿಲ್ಲ. ನೀವು ಸ್ಪರ್ಧಿಸಿದ, ರಾಜ್ಯದ ಪ್ರಮಾಣಿತ ಟೆಂಡರ್ ದಾಖಲೆಗಳಲ್ಲಿ ಒಂದಾದ ಕೆಡಬ್ಲ್ಯೂ-4 ಮಾದರಿಯ ದಾಖಲೆಯಲ್ಲಿ ಇದೇ ಬಗೆಯ ಕಾಮಗಾರಿಯನ್ನು ‘ಮುಖ್ಯ ಗುತ್ತಿಗೆದಾರ’ರಾಗಿ ಪೂರೈಸಿರಬೇಕು ಎಂದಿದೆ. ಒಳಗುತ್ತಿಗೆಯಲ್ಲಿ ಕಟ್ಟಿದ ಸೇತುವೆ ನಿಮ್ಮ ಕೈಯ ಕೆಲಸವೇ ಆದರೂ ಕಾಗದದಲ್ಲಿ ಅದು ಇನ್ನೊಬ್ಬರದು. ತೋಟದ ಮಾಲೀಕರು ಪ್ರೀತಿಯಿಂದ ಬರೆದುಕೊಟ್ಟ ಪತ್ರವೂ ಕಾರ್ಯಪಾಲಕ ಎಂಜಿನಿಯರ್ ಸಹಿಯ ಪ್ರಮಾಣಪತ್ರ ಕೇಳಿದ ಕಡೆ ಸಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿ ನೀವು ಗಮನಿಸದ ಇನ್ನೊಂದು ತೊಡಕು ನನಗೆ ಕಂಡಿತು. ಅದು ಟೆಂಡರ್ ಸಾಮರ್ಥ್ಯದ ಸೂತ್ರ. ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೌಲ್ಯವನ್ನು, ಈಗಿನ ಕಾಮಗಾರಿಗೆ ಕೊಟ್ಟಿರುವ ವರ್ಷಗಳಿಂದ ಗುಣಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿ, ಅದರಿಂದ ಅದೇ ಅವಧಿಯಲ್ಲಿ ನೀವು ಮುಗಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೊತ್ತವನ್ನು ಕಳೆಯಬೇಕು. ನಿಮ್ಮ ಅತಿ ಹೆಚ್ಚಿನ ವರ್ಷ 60 ಲಕ್ಷ, ಕಾಮಗಾರಿಯ ಅವಧಿ ಆರು ತಿಂಗಳು, ಕೈಯಲ್ಲಿರುವ ಕೆಲಸ 20 ಲಕ್ಷ ಎಂದಾದರೆ 60ರ ಅರ್ಧ 30, ಅದರ ಒಂದೂವರೆ ಪಟ್ಟು 45, ಅದರಲ್ಲಿ 20 ಕಳೆದರೆ 25 ಲಕ್ಷ. ಅಂದರೆ ವರ್ಷಕ್ಕೆ 60 ಲಕ್ಷದ ಕೆಲಸ ಮಾಡಿದವರು 30 ಲಕ್ಷದ ಟೆಂಡರಿಗೂ ಅನರ್ಹರಾಗಬಹುದು. ಅವಧಿ ಕಡಿಮೆಯಾದಷ್ಟೂ ಸಾಮರ್ಥ್ಯ ಕುಗ್ಗುತ್ತದೆ ಎಂಬುದು ಅನುಭವಿಗಳಿಗೂ ಅನೇಕ ವೇಳೆ ಹೊಳೆಯುವುದಿಲ್ಲ. ಕೈಯಲ್ಲಿರುವ ಕೆಲಸವನ್ನು ಮುಚ್ಚಿಟ್ಟು ಈ ಸಂಖ್ಯೆಯನ್ನು ಹಿಗ್ಗಿಸುವವರಿದ್ದಾರೆ. ಸಿಕ್ಕಿಬಿದ್ದರೆ ಇಎಂಡಿ ಮುಟ್ಟುಗೋಲಾಗಿ ಕಪ್ಪುಪಟ್ಟಿಗೆ ಸೇರುವ ಅಪಾಯವಿರುವುದರಿಂದ ಆ ದಾರಿ ನಿಮಗೆ ಬೇಡ.

ನಾನು ಗುತ್ತಿಗೆ ಮಾಡುತ್ತಿದ್ದ ದಿನಗಳಲ್ಲಿ ಒಂದು ಪುರಸಭೆಯ ಟೆಂಡರಿನಲ್ಲಿ ನನ್ನ ದರವೇ ಎಲ್ಲರಿಗಿಂತ ಕಡಿಮೆಯಿತ್ತು ಎಂದು ಆಮೇಲೆ ತಿಳಿಯಿತು. ನೋಟರಿ ಮಾಡಿಸಬೇಕಿದ್ದ ಒಂದು ಪ್ರಮಾಣಪತ್ರವನ್ನು ನೋಟರಿ ಇಲ್ಲದೆ ಲಗತ್ತಿಸಿದ್ದೆ. ಎರಡು ದಿನ ಅಧಿಕಾರಿಗಳನ್ನು ಬೈದುಕೊಂಡು ತಿರುಗಿದೆ, ಮೂರನೆಯ ದಿನ ದಾಖಲೆ ತೆಗೆದು ಓದಿದಾಗ ಆ ಷರತ್ತು ದಪ್ಪ ಅಕ್ಷರದಲ್ಲೇ ಇತ್ತು.

ನಿಜವಾಗಿಯೂ ಷರತ್ತಿಗೆ ವಿರುದ್ಧವಾಗಿ ತಿರಸ್ಕರಿಸಿದ್ದರೆ ದಾರಿ ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ 13ನೆಯ ಪ್ರಕರಣದಂತೆ ಟೆಂಡರ್ ಅಂಗೀಕರಿಸಿ ಹೊರಡಿಸಿದ ಆದೇಶದ ವಿರುದ್ಧ, ಆದೇಶ ಕೈಸೇರಿದ 30 ದಿನಗಳೊಳಗೆ 16ನೆಯ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ಆದೇಶ ಬರುವವರೆಗೆ ಸುಮ್ಮನೆ ಕುಳಿತಿರಬೇಡಿ. ತಾಂತ್ರಿಕ ಫಲಿತಾಂಶ ಪೋರ್ಟಲ್‌ನಲ್ಲಿ ಕಂಡ ದಿನವೇ, ಯಾವ ಷರತ್ತನ್ನು ಯಾವ ದಾಖಲೆಯಿಂದ ಪೂರೈಸಿದ್ದೀರಿ ಎಂಬುದನ್ನು ಪುಟ ಸಂಖ್ಯೆಯೊಂದಿಗೆ ಬರೆದು ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಮ್ಮದು ಮಹಿಳಾ ಸ್ವಸಹಾಯ ಸಂಘ. ಫಿನಾಯಿಲ್, ಬಟ್ಟೆ ಚೀಲ, ಕೈಗವಸು ತಯಾರಿಸುತ್ತೇವೆ. ಪೌರಕಾರ್ಮಿಕರಿಗಾಗಿ ಪುರಸಭೆ ಇವನ್ನು ಕೊಳ್ಳುತ್ತದೆ. ಸಣ್ಣ ಉದ್ಯಮಗಳಿಂದ ಶೇ 25ರಷ್ಟು ಕೊಳ್ಳಲೇಬೇಕು ಎಂಬ ಕಾನೂನಿದೆಯಂತೆ, ಅದನ್ನು ತೋರಿಸಿ ಕೇಳಬಹುದೇ? (ಬೀರೂರು)

ಉತ್ತರ: ಅಮ್ಮ, ಅದು ಕೇಂದ್ರ ಸರ್ಕಾರದ 2012ರ ಸಂಗ್ರಹಣಾ ನೀತಿ. ಕೇಂದ್ರದ ಸಚಿವಾಲಯಗಳಿಗೂ ಕೇಂದ್ರೋದ್ಯಮಗಳಿಗೂ ಅನ್ವಯಿಸುವ ಆ ಶೇ 25, ಅದರೊಳಗೆ ಮಹಿಳೆಯರ ಉದ್ಯಮಗಳಿಗೆಂದಿರುವ ಶೇ 3, ತಾನಾಗಿ ಪುರಸಭೆಯನ್ನು ಕಟ್ಟಿಹಾಕುವುದಿಲ್ಲ. ಅದನ್ನೇ ಮುಂದಿಟ್ಟುಕೊಂಡು ವಾದಿಸಿದರೆ ಮೊದಲ ಭೇಟಿಯಲ್ಲೇ ಸೋತು ಬರುತ್ತೀರಿ.

ಇನ್ನೊಂದು ಕಾನೂನು ನಿಮಗೆ ಹೆಚ್ಚು ಉಪಯುಕ್ತ. ಅದು ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಅದರ ಪ್ರಕಾರ ಸರಕು ಸ್ವೀಕರಿಸಿದ ಮೇಲೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ರಕ್ಷಣೆ ಬೇಕಾದರೆ ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಆದೇಶ ಪಡೆಯುವುದಕ್ಕೆ ಮೊದಲೇ ಮಾಡಿಸಿಕೊಂಡಿರಿ. ಹಣ ಬಾಕಿಯಾದ ಮೇಲೆ ಮಾಡಿಸಿದ ನೋಂದಣಿ ವ್ಯಾಜ್ಯಕ್ಕೆ ಎಡೆಮಾಡುತ್ತದೆ. ಸರಕು ಇಳಿಸಿದ ದಿನ ಉಗ್ರಾಣದ ಗುಮಾಸ್ತರಿಂದ ದಿನಾಂಕ, ಮೊಹರು ಸಹಿತ ರಸೀದಿ ಪಡೆಯದೆ ಆಟೊ ಹಿಂದಿರುಗಬಾರದು, ಏಕೆಂದರೆ ಆ 45 ದಿನಗಳ ಎಣಿಕೆಗೆ ಆ ಚೀಟಿಯೇ ಆಧಾರ. ಸಣ್ಣ ಮೊತ್ತದ ಖರೀದಿಗೆ ಟೆಂಡರ್ ಬದಲು ಕೊಟೇಷನ್ ಕರೆಯುತ್ತಾರೆ. ನಿಮ್ಮ ದರಪಟ್ಟಿ ಮತ್ತು ಮಾದರಿಯನ್ನು ಮುಖ್ಯಾಧಿಕಾರಿಗಳಿಗೂ ಆರೋಗ್ಯ ನಿರೀಕ್ಷಕರಿಗೂ ಬರವಣಿಗೆಯಲ್ಲಿ ಕೊಟ್ಟಿದ್ದರೆ ಕೊಟೇಷನ್ ಕಳುಹಿಸುವಾಗ ನಿಮ್ಮ ಹೆಸರು ನೆನಪಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ, ಪ್ರತಿಯೊಂದೂ 5 ಲಕ್ಷದೊಳಗೆ ಬರುವಂತೆ ತುಂಡು ಗುತ್ತಿಗೆ ಕೊಡುತ್ತಾರೆ. ದೊಡ್ಡ ಕೆಲಸಗಳು ಟೆಂಡರೇ ಇಲ್ಲದೆ ಸರ್ಕಾರಿ ಸಂಸ್ಥೆಗಳಿಗೆ ಹೋಗುತ್ತವೆ. ಇದು ಕಾನೂನೇ? (ಕೊಪ್ಪ)

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಪಾರದರ್ಶಕತೆ ಕಾಯ್ದೆಯ 4ನೆಯ ಪ್ರಕರಣ ವಿನಾಯಿತಿಗಳ ಪಟ್ಟಿ. ಅದರ (ಇ) ಖಂಡದಂತೆ 5 ಲಕ್ಷ ರೂಪಾಯಿ ಮೀರದ ನಿರ್ಮಾಣ ಕಾಮಗಾರಿಗೆ ಟೆಂಡರ್ ಕಡ್ಡಾಯವಲ್ಲ. ಆದರೆ ಅದು ಸಣ್ಣ ಕೆಲಸಕ್ಕೆ ಕೊಟ್ಟ ಸಡಿಲಿಕೆ, ದೊಡ್ಡ ಕೆಲಸವನ್ನು ಕತ್ತರಿಸಲು ಕೊಟ್ಟ ಕತ್ತರಿಯಲ್ಲ. ಒಂದೇ ರಸ್ತೆ, ಒಂದೇ ಅನುದಾನ, ಒಂದೇ ವಾರದ ಮೂರು ಆದೇಶಗಳು ಲೆಕ್ಕಪರಿಶೋಧಕರ ಕಣ್ಣಿಗೆ ಬಿದ್ದರೆ ಆಕ್ಷೇಪಣೆ ತಪ್ಪಿದ್ದಲ್ಲ. (ಜಿ) ಖಂಡವೇ ಬೇರೆ: ಅಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಸಂಗ್ರಹಣೆಗೆ ವಿನಾಯಿತಿ ಕೊಡಬಹುದು. ಕೆಆರ್‌ಐಡಿಎಲ್‌ನಂಥ ರಾಜ್ಯ ಸರ್ಕಾರದ ನಿರ್ಮಾಣ ಸಂಸ್ಥೆಗಳಿಗೆ ಟೆಂಡರಿಲ್ಲದೆ ಕೆಲಸ ಹೋಗುವುದು ಈ ಬಾಗಿಲಿನಿಂದ. ಅದು ಕಾನೂನುಬದ್ಧವೇ, ಆದರೆ ಸಣ್ಣ ಗುತ್ತಿಗೆದಾರರು ಅದೇ ಕೆಲಸವನ್ನು ಆ ಸಂಸ್ಥೆಯಿಂದ ಬಾಯಿಮಾತಿನ ಒಳಗುತ್ತಿಗೆಗೆ ಪಡೆದು, ಅನುಭವ ಪ್ರಮಾಣಪತ್ರವೂ ಸಿಗದೆ ಉಳಿಯುವುದನ್ನು ನೋಡಿದರೆ ಈ ಬಾಗಿಲು ಇಷ್ಟು ಅಗಲ ಇರಬೇಕಿರಲಿಲ್ಲ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಾನು ಪರಿಶಿಷ್ಟ ಜಾತಿಗೆ ಸೇರಿದ ಗುತ್ತಿಗೆದಾರ. ಮೀಸಲು ಟೆಂಡರಿಗೆ ಮಾತ್ರ ಹಾಕಬೇಕೆಂದು ಕೆಲವರು ಹೇಳುತ್ತಾರೆ. (ಕಡೂರು)

ಉತ್ತರ: ತಪ್ಪು. ಮೀಸಲು ಕಾಮಗಾರಿಗೆ ಆ ವರ್ಗದವರು ಮಾತ್ರ ಸ್ಪರ್ಧಿಸಬಹುದು. ಸಾಮಾನ್ಯ ಕಾಮಗಾರಿಗೆ ಅರ್ಹತೆಯುಳ್ಳ ಯಾರು ಬೇಕಾದರೂ, ನೀವೂ ಸ್ಪರ್ಧಿಸಬಹುದು. ಮೊದಲು 50 ಲಕ್ಷದವರೆಗಿನ, ಆಮೇಲೆ 1 ಕೋಟಿಯವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲು ಬಂದಿದೆ. ಇದನ್ನು ಎಣಿಸುವುದು ಕಾಮಗಾರಿಗಳ ಸಂಖ್ಯೆಯಲ್ಲೇ ಹೊರತು ಮೊತ್ತದಲ್ಲಲ್ಲ. ಮೀಸಲಿಗೆ ಸಣ್ಣ ಸಣ್ಣ ಕೆಲಸಗಳೇ ಬರುತ್ತವೆ ಎಂಬ ದೂರಿಗೆ ಮೂಲ ಇಲ್ಲಿದೆ.

ಪ್ರಶ್ನೆ: ಈ ಸಲದ್ದು ತಮಗೆ, ಮುಂದಿನದು ನನಗೆ ಎಂದು ಊರಿನ ಹಿರಿಯ ಗುತ್ತಿಗೆದಾರರು ಕೂಡಿ ಮಾತಾಡಿಕೊಂಡಿದ್ದಾರೆ. ಹೆಚ್ಚಿನ ದರಕ್ಕೆ ಸುಮ್ಮನೆ ಒಂದು ಟೆಂಡರ್ ಹಾಕಿ ಲೆಕ್ಕ ತುಂಬಿಸು ಎನ್ನುತ್ತಾರೆ. ಒಪ್ಪದಿದ್ದರೆ ಊರಿನಲ್ಲಿ ಕೆಲಸ ಮಾಡುವುದು ಕಷ್ಟ. (ಊರು ಬೇಡ)

ಉತ್ತರ: ಒಪ್ಪಬೇಡಿ. ಹೀಗೆ ಕೂಟ ಕಟ್ಟಿ ದರ ನಿರ್ಧರಿಸುವುದು 2002ರ ಸ್ಪರ್ಧಾ ಕಾಯ್ದೆಯ 3ನೆಯ ಪ್ರಕರಣದಡಿ ನಿಷಿದ್ಧ; ಲೆಕ್ಕ ತುಂಬಿಸಲು ಹಾಕಿದವನೂ ಅದರಲ್ಲಿ ಪಾಲುದಾರ. ಗೆದ್ದವನಿಗೆ ಲಾಭ, ನಿಮಗೆ ಬರೀ ಹೊಣೆ. ಜಗಳವನ್ನೂ ಕಾಯಬೇಕಾಗಿಲ್ಲ. ‘ಈ ಕೆಲಸಕ್ಕೆ ನನ್ನ ಸಾಮರ್ಥ್ಯ ಸಾಲದು’ ಎಂದು ಹೇಳಿ ಆ ಟೆಂಡರಿನಿಂದ ದೂರ ಉಳಿಯುವುದೋ, ನಿಮ್ಮ ಲೆಕ್ಕದ ನಿಜವಾದ ದರವನ್ನು ಯಾರಿಗೂ ಹೇಳದೆ ಹಾಕುವುದೋ ನಿಮಗೆ ಬಿಟ್ಟದ್ದು. ಆನ್‌ಲೈನ್ ಬಂದ ಮೇಲೆ ಟೆಂಡರ್ ಪೆಟ್ಟಿಗೆಯ ಮುಂದೆ ಅಡ್ಡ ನಿಲ್ಲುವವರಿಲ್ಲ. ಪಕ್ಕದ ತಾಲ್ಲೂಕಿನ ಕೆಲಸವನ್ನೂ ಮನೆಯಲ್ಲೇ ಕುಳಿತು ಹಾಕಬಹುದು.

ಪ್ರಶ್ನೆ: ನಾನು ಗುತ್ತಿಗೆದಾರನಲ್ಲ, ತೆರಿಗೆ ಕಟ್ಟುವ ನಿವಾಸಿ. ನಮ್ಮ ಬೀದಿಯ ಕಾಂಕ್ರೀಟ್ ರಸ್ತೆ ಒಂದೇ ಮಳೆಗೆ ಕಿತ್ತುಹೋಗಿದೆ. ಯಾರನ್ನು ಕೇಳಬೇಕು? (ಚಿಕ್ಕಮಗಳೂರು)

ಉತ್ತರ: ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಮಾಡದಿದ್ದರೆ ಹಿಡಿದಿಟ್ಟ ಎಫ್‌ಎಸ್‌ಡಿಯಿಂದ ಮಾಡಿಸಲು ನಗರಸಭೆಗೆ ಅಧಿಕಾರವಿದೆ. ಆದ್ದರಿಂದ ಆ ಠೇವಣಿ ಬಿಡುಗಡೆಯಾಗುವ ಮೊದಲೇ ಪೌರಾಯುಕ್ತರಿಗೆ ಚಿತ್ರಗಳೊಂದಿಗೆ ಲಿಖಿತ ದೂರು ಕೊಡಿ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ: ಶುಲ್ಕ 10 ರೂಪಾಯಿ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಒಳಗೆ, ಉತ್ತರಕ್ಕೆ 30 ದಿನ. ‘ರಸ್ತೆ ಏಕೆ ಹಾಳಾಯಿತು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ. ಕಾರ್ಯಾದೇಶ, ಮಂಜೂರಾದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಇವುಗಳ ದೃಢೀಕೃತ ನಕಲು ಕೇಳಿ. ಎಂ.ಬಿ.ಯಲ್ಲಿ ಬರೆದ ದಪ್ಪ ಎಷ್ಟೆಂದು ತಿಳಿದ ಮೇಲೆ, ಕಿತ್ತುಹೋದ ಅಂಚಿಗೆ ಒಂದು ಸ್ಕೇಲ್ ಹಿಡಿದು ಚಿತ್ರ ತೆಗೆದು ಅದನ್ನೂ ದೂರಿಗೆ ಲಗತ್ತಿಸಿ.